ಕಂಬದ ಮೇಲಿನ ಕಛೇರಿ

ನಾಡಿನ ದೊಡ್ಡ ದೊಡ್ಡ ಸಂಗೀತಗಾರರೆಲ್ಲ ನಮ್ಮೂರು ಹರಿಯಬ್ಬೆಯ ಕರೆಂಟ್ ಕಂಬದ ಮೇಲೆ ನಿಂತು ಹಾಡಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಜಾರಿಲ್ಲ. ಆದರೆ ನಾನು ಈ ಕಿವಿಯಿಂದಲೇ ಕೇಳಿದ್ದೇನೆ. ಒಬ್ಬರಲ್ಲ, ಇಬ್ಬರಲ್ಲ, ಒಂದೇ ಬೆಳಿಗ್ಗೆ ನಾಲ್ಕು ಜನ! ನಾಲ್ವರೂ ಖಾಕಿ ಅಂಗಿ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದಿದ್ದರು. ಏಕೆಂದರೆ ನಾಲ್ವರೂ ನನ್ನ ಸೋದರಮಾವನೇ.

ಮಾವ ಲೈನ್‌ಮನ್. ತೊಂಬತ್ತರ ದಶಕದಲ್ಲಿ ಧರ್ಮಪುರದ ಸುತ್ತಮುತ್ತಲಿನ ಕಂಬಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಕಂಬ ಹತ್ತಬೇಕೆಂದರೆ ಮೊದಲು ಕರೆಂಟ್ ತೆಗೆಸಬೇಕಲ್ಲ? ಕರೆಂಟ್ ತೆಗೆದರೆ ಊರಿನ ಟೇಪ್‌ರೆಕಾರ್ಡರುಗಳು, ಸೆಲ್ಲು ಹಾಕದ ರೇಡಿಯೋಗಳು, ಆಗಷ್ಟೇ ಬಂದಿದ್ದ ಎರಡು ಟಿ.ವಿ.ಗಳು ಒಟ್ಟಿಗೇ ಬಾಯಿ ಮುಚ್ಚುತ್ತಿದ್ದವು. ಜನ ಕಂಬದ ಬುಡಕ್ಕೆ ಬಂದು ಗೊಣಗುತ್ತಿದ್ದರು. ಹೀಗೆ ಗೊಣಗುವವರನ್ನು ಸಮಾಧಾನ ಮಾಡಲು ಮಾವ ಕಂಡುಕೊಂಡ ಉಪಾಯವೆಂದರೆ, ಕೆಳಗೆ ಯಾರು ಹಾಡುತ್ತಿದ್ದರೋ ಅವರನ್ನೇ ಮೇಲಿನಿಂದ ಮುಂದುವರಿಸುವುದು. ದನಿ ಅವರದು, ಮಾತು ಮಾತ್ರ ಇವನದು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮ ಮಾವನಿಗೆ ಹಾಡಲು ಬರುವುದಿಲ್ಲ. ದೇವರಾಣೆಗೂ ಇಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಿದರೆ ಮೇಷ್ಟ್ರು ಇವನನ್ನು ಮಾತ್ರ ಗಂಟೆ ಹೊಡೆಯಲು ಕಳಿಸುತ್ತಿದ್ದರಂತೆ. ಅವನಿಗೆ ಬರುವುದು ಹಾಡಲ್ಲ, ಹಾಡುವವರು.

ಶಾಸ್ತ್ರೀಯ ಸಂಗೀತದ ವಿದ್ವಾಂಸರೊಬ್ಬರನ್ನು ಅವನು ಹಾಡುತ್ತಿದ್ದ ರೀತಿ ಹೇಳುತ್ತೇನೆ. ಮೊದಲು ಎರಡು ಸಲ ಕೆಮ್ಮು. ಆಮೇಲೆ ಇಲ್ಲದ ಫ್ಲಾಸ್ಕಿನಿಂದ ಇಲ್ಲದ ಹಾಲು ಬಗ್ಗಿಸಿಕೊಂಡು ಒಂದು ಗುಟುಕು. ಆಮೇಲೆ ಇಲ್ಲದ ಪಿಟೀಲಿನವರ ಕಡೆ ತಿರುಗಿ, ನಿಮ್ಮನ್ನೂ ಸಹಿಸಿಕೊಂಡಿದ್ದೇನೆ ಎನ್ನುವ ಹಾಗೆ ಒಂದು ನಗು. ಇಷ್ಟೆಲ್ಲ ಆದ ಮೇಲೆ ‘ಫ್ಯೂಸು ಹೋಯಿತೋ’ ಎಂದು ಶುರು. ‘ಫ್ಯೂಸು... ಹೋಯಿತೋ... ಹೋ... ಹೋಯಿತೋ ಫ್ಯೂಸು... ಯಾರ ಮನೆಯದೋ... ಯಾ... ರ...’ ಹೀಗೆ ಕಾಲು ಗಂಟೆ. ಫ್ಯೂಸ್ ಹೋಯಿತೇ ಹೊರತು ಯಾರ ಮನೆಯದು ಎಂದು ಗೊತ್ತಾಗುತ್ತಲೇ ಇರಲಿಲ್ಲ. ಒಂದು ಸಲ ರಾಗಿ ಚೀಲ ಹೊತ್ತು ಮಿಲ್ಲಿಗೆ ಬಂದ ಮುದುಕರೊಬ್ಬರು ಕೆಳಗಿನಿಂದ ಕೂಗಿದರು.

“ಯಾರ ಮನೇದು ಅಂತ ಹೇಳಿ ಮುಗಿಸಪ್ಪ. ನಾನು ಹಿಟ್ಟು ಹಾಕಿಸ್ಕೊಂಡು ಹೋಗಬೇಕು.”

ಭಾವಗೀತೆಯವರದು ಇನ್ನೊಂದು ಥರ. ಹಾಡು ಎರಡೇ ಸಾಲು, ಅದಕ್ಕೆ ಮುಂಚೆ ಪೀಠಿಕೆ ಹತ್ತು ನಿಮಿಷ. ಕವಿ ಈ ಸಾಲನ್ನು ಬರೆದಾಗ ಕಿಟಕಿಯಾಚೆ ಏನು ಕಾಣುತ್ತಿತ್ತು, ಕವಿಯ ಮನಸ್ಸಿನಲ್ಲಿ ಏನಿತ್ತು ಎಂದೆಲ್ಲ ಉಸಿರಿನಲ್ಲೇ ಹೇಳಿ, ಕಣ್ಣು ಅರೆ ಮುಚ್ಚಿ, ‘ಓ ಮೀಟರೇ, ಯಾರೂ ಇಲ್ಲದ ಮನೆಯಲಿ ನೀನೇಕೆ ತಿರುಗುವೆ?’ ಎಂದು ಹಾಡಿ ಇಳಿದುಬಿಡುತ್ತಿದ್ದ. ಬೀಗ ಹಾಕಿದ ಮನೆಗೆ ಬಿಲ್ಲು ಬಂದಿದೆ ಎಂದು ಜಗಳಕ್ಕೆ ನಿಂತಿದ್ದವರು ಕೂಡ ನಕ್ಕು ಮನೆಗೆ ಹೋಗಿದ್ದಾರೆ. ಸಿನಿಮಾದ ದಪ್ಪ ಗಂಟಲಿನವರ ದುಃಖದ ಹಾಡಿನ ಧಾಟಿಯಲ್ಲಿ ಅವನು ಹಾಲು ಕೊಡದ ಎಮ್ಮೆಯ ಮೇಲೆ ಒಂದು ಹಾಡು ಕಟ್ಟಿದ್ದ. ಅದನ್ನು ಕೇಳಿ ನಮ್ಮ ಪಕ್ಕದ ಮನೆಯಾಕೆ ನಿಜವಾಗಿಯೂ ಅತ್ತಿದ್ದರು. ಅವರ ಎಮ್ಮೆ ಆ ವಾರವೇ ಬತ್ತಿತ್ತು.

ಇದರಿಂದ ಊರಿಗೆ ಒಂದು ತೊಂದರೆಯೂ ಆಯಿತು. ನಮ್ಮವರು ಅಸಲಿಗಿಂತ ಮೊದಲು ನಕಲನ್ನು ಕೇಳಿದ್ದರು ನೋಡಿ! ರೇಡಿಯೋದಲ್ಲಿ ಆ ವಿದ್ವಾಂಸರ ನಿಜವಾದ ಕಛೇರಿ ಬಂದರೆ ಅರಳಿಕಟ್ಟೆಯ ಮೇಲೆ ಕುಳಿತವರು ತಲೆ ಅಲ್ಲಾಡಿಸುತ್ತಿದ್ದರು. ಇವರೇನೋ ಪರವಾಗಿಲ್ಲ, ಆದರೆ ಕೆಮ್ಮು ನಮ್ಮ ಲೈನ್‌ಮನ್ನನಷ್ಟು ಪಳಗಿಲ್ಲ ಎನ್ನುತ್ತಿದ್ದರು.

ಅದೇ ವಿದ್ವಾಂಸರು ಒಮ್ಮೆ ಚಿತ್ರದುರ್ಗಕ್ಕೆ ಹಾಡಲು ಬಂದರು. ನಾನು ಆಗ ಅಲ್ಲಿ ಟೀಚರಾಗಲು ಟಿ.ಸಿ.ಎಚ್. ಓದುತ್ತಿದ್ದೆ. ಮಾವ ರಜೆ ಹಾಕಿ, ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಬಂದು, ನನ್ನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತ. ಬಾಯಿ ಬಿಡಬೇಡ ಎಂದು ನಾನು ಕೈ ಮುಗಿದು ಹೇಳಿದ್ದೆ. ಅವನು ಹಾಡಲಿಲ್ಲ, ನಿಜ. ಆದರೆ ವಿದ್ವಾಂಸರು ಕೆಮ್ಮುವುದಕ್ಕೆ ಅರೆಗಳಿಗೆ ಮುಂಚೆ ಇವನು ಕೆಮ್ಮುತ್ತಿದ್ದ. ಅವರು ಫ್ಲಾಸ್ಕಿಗೆ ಕೈ ಚಾಚುವ ಮುಂಚೆ ಇವನ ಕೈ ಚಾಚಿಕೊಳ್ಳುತ್ತಿತ್ತು. ಮೂರನೆಯ ಸಲ ಅವರು ಹಾಡು ನಿಲ್ಲಿಸಿ ಇವನನ್ನೇ ನೋಡಿದರು. ನಾನು ಕುರ್ಚಿಯ ಕೆಳಗೆ ಇಳಿದೆ. ಕಛೇರಿ ಮುಗಿದ ಮೇಲೆ ಅವರೇ ಕರೆಸಿ, ಯಾರ ಹತ್ತಿರ ಅಭ್ಯಾಸ ಮಾಡಿದಿರಿ ಎಂದು ಕೇಳಿದರು.

“ಸಂಗೀತ ಕಲ್ತಿಲ್ಲ ಸ್ವಾಮಿ,” ಎಂದ ಮಾವ. “ನಿಮ್ಮ ಕೆಮ್ಮಷ್ಟೇ ಕಲ್ತೀನಿ.”

ಅವರು ದೊಡ್ಡವರು, ನಕ್ಕು ಬೆನ್ನು ತಟ್ಟಿ ಕಳಿಸಿದರು. ಎಲ್ಲರೂ ಹಾಗೆ ದೊಡ್ಡವರಾಗಿರುವುದಿಲ್ಲ ಎನ್ನುವುದು ಮಾವನಿಗೆ ಆಮೇಲೆ ಗೊತ್ತಾಯಿತು.

ಅವನು ಅಣಕಿಸದೆ ಬಿಟ್ಟವರು ಜಗತ್ತಿನಲ್ಲಿ ಒಬ್ಬರೇ, ಅವನ ತಾಯಿ, ಎಂದರೆ ನನ್ನ ಅಜ್ಜಿ. ಅಜ್ಜಿ ಸೋಬಾನೆ ಪದ ಹಾಡುವವಳು. ಅದರಲ್ಲೂ ಮದುವೆಯ ಕೊನೆಗೆ ಹೆಣ್ಣೊಪ್ಪಿಸುವಾಗ ಹಾಡುವ ಹಾಡು ಅವಳದೇ ಆಗಬೇಕಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಅಜ್ಜಿ ಹಾಡದೆ ಹೆಣ್ಣು ಹೊಸಿಲು ದಾಟುತ್ತಿರಲಿಲ್ಲ. ಮಾವ ಹತ್ತು ವರ್ಷದವನಿದ್ದಾಗ ಅವಳ ಹಾಡನ್ನು ಅವಳ ಹಾಗೆಯೇ ಹಾಡಿ ತೋರಿಸಿದನಂತೆ. ಅಜ್ಜಿ ಮುದ್ದೆ ತಿರುವುವ ಕೋಲಿನಲ್ಲಿ ಬಾರಿಸಿದಳಂತೆ. ಊರವರನ್ನು ಯಾರನ್ನಾದರೂ ಅಣಕಿಸು, ನನ್ನ ತಂಟೆಗೆ ಮಾತ್ರ ಬರಬೇಡ ಎಂದಳಂತೆ. ಅಲ್ಲಿಗೆ ಅದು ಮುಗಿಯಿತು.

ಮಾವನಿಗೆ ಇದ್ದವಳು ಒಬ್ಬಳೇ ಮಗಳು, ಶಾರದ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಅವಳಿಗೆ ಹೊಸದುರ್ಗದ ಕಡೆ, ಬಾಗೂರಿನಲ್ಲಿ ಗಂಡು ಗೊತ್ತಾಯಿತು. ಹುಡುಗ ಒಳ್ಳೆಯವನು, ಶಾರದಳಿಗೆ ಮೆಚ್ಚಿಗೆಯಾಗಿದ್ದ. ನಿಶ್ಚಿತಾರ್ಥಕ್ಕೆ ಬಾಗೂರಿಗೆ ಹೋದೆವು. ಹುಡುಗನ ದೊಡ್ಡಪ್ಪ ಆ ಮನೆಯ ಹಿರಿಯರು, ಜೊತೆಗೆ ಅಲ್ಲಿನ ಭಜನೆ ಮೇಳದ ಮುಖ್ಯಸ್ಥರು. ಅವರು ಹಾಡಿದರು. ಸಾಲಿನ ಕೊನೆಗೆ ದನಿಯನ್ನು ಮೇಲಕ್ಕೆ ಎತ್ತಿ, ಎರಡೂ ಕಣ್ಣು ಮುಚ್ಚಿ, ಜನ ಕೇಳುತ್ತಿದ್ದಾರೋ ಇಲ್ಲವೋ ಎಂದು ಒಂದು ಕಣ್ಣನ್ನು ಮಾತ್ರ ಚೂರು ತೆರೆದು ನೋಡುವುದು ಅವರ ಪದ್ಧತಿ. ನಾನು ಮಾವನ ಕಡೆ ನೋಡಿದೆ. ಅವನ ತುಟಿಗಳು ಮೆಲ್ಲಗೆ ಆಡುತ್ತಿದ್ದವು.

ಊಟವಾದ ಮೇಲೆ ಹಿತ್ತಲಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ನಮ್ಮವರ ಮುಂದೆ ಮಾವ ‘ಶ್ಯಾವಿಗೆ ಪಾಯಸವ ಬಡಿಸಿದೆಯಾ ಗುರುವೇ’ ಎಂದು ಎತ್ತಿದ. ದನಿ ಮೇಲಕ್ಕೆ ಹೋಯಿತು, ಕಣ್ಣು ಮುಚ್ಚಿತು. ಜನ ಕೇಳುತ್ತಿದ್ದಾರೋ ಇಲ್ಲವೋ ಎಂದು ಒಂದು ಕಣ್ಣು ತೆರೆದರೆ, ಎದುರಿಗೆ ದೊಡ್ಡಪ್ಪನವರೇ ನಿಂತಿದ್ದರು!

ಮರುದಿನವೇ ಹೇಳಿಕಳಿಸಿದರು. ಹಿರಿಯರನ್ನು ಅಣಕಿಸುವ ಮನೆಯ ಹೆಣ್ಣನ್ನು ತರುವುದು ಹೇಗೆ ಎಂದು ಯೋಚನೆ ಮಾಡಬೇಕು ಎಂದು. ಅತ್ತೆ ಎರಡು ದಿನ ಒಲೆ ಹಚ್ಚಲಿಲ್ಲ. ಶಾರದ ಅಪ್ಪನಿಗೆ ಒಂದು ಮಾತೂ ಬೈಯಲಿಲ್ಲ, ಸುಮ್ಮನೆ ಅತ್ತಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಕೊನೆಗೆ ನಾಲ್ಕು ಜನ ಹಿರಿಯರು ಹೋಗಿ ಕೈಕಾಲು ಹಿಡಿದು ಬಂದರು. ದೊಡ್ಡಪ್ಪನವರದು ಒಂದೇ ಷರತ್ತು. ಹೆಣ್ಣು ಬಸ್ಸು ಹತ್ತುವವರೆಗೂ ಹೆಣ್ಣಿನ ಅಪ್ಪ ಹಾಡುವಂತಿಲ್ಲ, ಯಾರ ಹಾಗೂ ಹಾಡುವಂತಿಲ್ಲ. ಹಾಡಿದರೆ ಗಂಡಿನ ಕಡೆಯವರು ಹೆಣ್ಣನ್ನು ಬಿಟ್ಟು ಬಸ್ಸು ಹತ್ತುತ್ತಾರೆ. ಮಾವ ಕಟಿಂಗ್ ಪ್ಲೇಯರನ್ನು ಕಣ್ಣಿಗೊತ್ತಿಕೊಂಡು, ಅನ್ನ ಕೊಡುವ ಇದರ ಮೇಲಾಣೆ ಎಂದ.

ಮದುವೆಗೆ ಎರಡು ತಿಂಗಳಿದೆ ಎನ್ನುವಾಗ ಅಜ್ಜಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮಾತು ಪೂರ್ತಿ ಹೋಯಿತು. ಮೊಮ್ಮಗಳ ಮದುವೆಗೆ ಹಾಡುತ್ತೇನೆಂದು ಶಾರದ ಹುಟ್ಟಿದಾಗಿನಿಂದ ಹೇಳುತ್ತ ಬಂದವಳು ಅವಳು. ಯಾರಾದರೂ ಕನಿಕರದಿಂದ ನೋಡಿದರೆ ಮುಖವನ್ನು ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಆ ಎರಡು ತಿಂಗಳಲ್ಲಿ ಅವಳು ಒಮ್ಮೆಯೂ ನಕ್ಕದ್ದನ್ನು ನಾವು ಕಾಣಲಿಲ್ಲ.

ಮದುವೆ ಮಾವನ ಮನೆ ಮುಂದಿನ ಚಪ್ಪರದಲ್ಲೇ ಆಯಿತು. ಮಾವ ಹಾಡುವುದಿರಲಿ, ಮಾತನ್ನೇ ಬಿಟ್ಟಿದ್ದ. ಏಕೆಂದು ಕೇಳಿದ್ದಕ್ಕೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

“ಬಾಯಿ ತೆಗೆದ್ರೆ ಯಾರ ದನಿ ಬರ್ತೈತೋ ನನಗೇ ಗೊತ್ತಿಲ್ಲ ಕಣವ್ವ.”

ಬಂದವರಿಗೆಲ್ಲ ಕೈಸನ್ನೆಯಲ್ಲೇ ಕುಂತ್ಕಳ್ರಿ, ಉಣ್ರಿ ಎನ್ನುತ್ತಿದ್ದ. ಗಂಡಿನ ಕಡೆಯ ಒಬ್ಬರು ಇವನು ಹುಟ್ಟುಮೂಗನೆಂದೇ ತಿಳಿದು, ಹೊಳಲ್ಕೆರೆಯಲ್ಲಿ ಒಬ್ಬ ನಾಟಿ ವೈದ್ಯರಿದ್ದಾರೆ, ತೋರಿಸಿ ಎಂದು ಅತ್ತೆಗೆ ವಿಳಾಸ ಬರೆದುಕೊಟ್ಟರು. ಅತ್ತೆ ಅದನ್ನು ಭಕ್ತಿಯಿಂದ ಸೆರಗಿನಲ್ಲಿ ಕಟ್ಟಿಕೊಂಡರು.

ತಾಳಿ ಕಟ್ಟಿದ್ದಾಯಿತು, ಊಟವಾಯಿತು. ಹೆಣ್ಣೊಪ್ಪಿಸುವ ಹೊತ್ತು ಬಂತು. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ತಂದು ಬಾಗಿಲ ಪಕ್ಕ ಕೂರಿಸಿದ್ದರು. ಹಾಡು ಬಲ್ಲ ಹೆಂಗಸರು ಹತ್ತು ಜನ ಇದ್ದರು, ಆದರೆ ಅವಳ ಎದುರಿಗೆ ಅವಳ ಹಾಡನ್ನು ಎತ್ತುವ ಧೈರ್ಯ ಯಾರಿಗೂ ಆಗಲಿಲ್ಲ. ಮೈಕ್‌ಸೆಟ್ಟಿನವನು ಒಳ್ಳೆಯ ಬುದ್ಧಿಯಿಂದಲೇ, ಅಂಗಡಿಯಲ್ಲಿ ಸಿಗುವ ಹೆಣ್ಣೊಪ್ಪಿಸುವ ಹಾಡಿನ ಕ್ಯಾಸೆಟ್ ಹಾಕಿದ. ಯಾರೋ ಪೇಟೆಯ ಹುಡುಗಿಯ ದನಿ, ಹಿಂದೆ ಕೀಬೋರ್ಡು. ಅಜ್ಜಿ ಮುಖವನ್ನು ಗೋಡೆಗೆ ತಿರುಗಿಸಿದಳು.

ಆಗ ಕರೆಂಟ್ ಹೋಯಿತು.

ಕ್ಯಾಸೆಟ್ ಎಳೆದುಕೊಂಡು ನಿಂತಿತು. ಚಪ್ಪರದಲ್ಲಿದ್ದ ನಮ್ಮೂರಿನವರೆಲ್ಲ ಒಟ್ಟಿಗೇ ಮಾವನ ಕಡೆ ತಿರುಗಿದರು. ಬೇಕೆಂದು ತಿರುಗಿದ್ದಲ್ಲ, ಅಭ್ಯಾಸ. ಹತ್ತು ಹನ್ನೆರಡು ವರ್ಷ ಹಾಡು ನಿಂತಾಗಲೆಲ್ಲ ಅದು ಮುಂದುವರಿದದ್ದು ಅವನ ಬಾಯಿಂದಲೇ ಅಲ್ಲವೇ? ರೇಷ್ಮೆ ಪಂಚೆ ಉಟ್ಟ ಮಾವ ಹೆಂಡತಿಯನ್ನು ನೋಡಿದ. ಅತ್ತೆ ತಲೆ ತಗ್ಗಿಸಿದರು. ಅವನು ತಾಯಿಯ ಬೆನ್ನನ್ನು ನೋಡಿದ. ಆಮೇಲೆ ಮಗಳನ್ನು ಒಪ್ಪಿಸಿಕೊಳ್ಳಲು ನಿಂತಿದ್ದ ದೊಡ್ಡಪ್ಪನವರ ಮುಂದೆ ಹೋಗಿ ಕೈ ಮುಗಿದು ನಿಂತ. ಅವರೂ ಹಾಡುವವರೇ. ಕುರ್ಚಿಯಲ್ಲಿದ್ದ ಅಜ್ಜಿಯನ್ನು ಒಂದು ಸಲ ನೋಡಿದರು.

“ಹಾಡ್ರಿ ಬೀಗರೇ,” ಎಂದರು. “ನಾವೇನೂ ಬಸ್ ಹತ್ತಲ್ಲ.”

ಮಾವ ಅಜ್ಜಿಯ ಕುರ್ಚಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತ. ಬಾಯಿ ತೆರೆದ. ಬಂದದ್ದು ಅಜ್ಜಿಯ ದನಿ.

‘ಹೊಸಿಲು ದಾಟೋ ಮಗಳೆ ಹಿಂದಕ್ಕೆ ನೋಡಬ್ಯಾಡ
ಒಲೆಮ್ಯಾಲೆ ಐತೆ ಹಾಲು, ನಾ ನೋಡಿಕೊಂಬೆ’

ಅದೇ ಒಡಕು, ಸಾಲಿನ ತುದಿಯಲ್ಲಿ ಅದೇ ನಿಟ್ಟುಸಿರು. ಶಾರದ ಬಿಕ್ಕಿದಳು. ಹಾಡಿನ ನಡುವೆಯೇ ಹಾಡು ಬಿಟ್ಟು ಮದುಮಗಳನ್ನು ಗದರುವುದು ಅಜ್ಜಿಯ ರೂಢಿ. ಮಾವ ಅದನ್ನೂ ಬಿಡಲಿಲ್ಲ.

“ಲೇ, ಅಳಬ್ಯಾಡ ಕಣೇ, ಕಾಡಿಗೆ ಹರಿತೈತೆ,” ಎಂದ.

ಚಪ್ಪರದಲ್ಲಿದ್ದವರೆಲ್ಲ ನಕ್ಕುಬಿಟ್ಟರು, ನಗುತ್ತಲೇ ಸೆರಗಿನಿಂದ, ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ದೊಡ್ಡಪ್ಪನವರು ಎರಡು ಕಣ್ಣನ್ನೂ ಮುಚ್ಚಿಕೊಂಡಿದ್ದರು.

ಅಜ್ಜಿ ಗೋಡೆಯಿಂದ ಮುಖ ತಿರುಗಿಸಿದ್ದಳು. ಎಡಗೈಯಿಂದ ಕುರ್ಚಿಯ ತೋಳಿಗೆ ತಟ್ಟುತ್ತಿದ್ದಳು. ಎರಡನೆಯ ನುಡಿ ಮುಗಿದು ಮಾವ ಮೂರನೆಯದಕ್ಕೆ ಬಾಯಿ ತೆರೆದನೋ ಇಲ್ಲವೋ, ಅವಳು ಆ ಕೈಯಿಂದಲೇ ಅವನ ತಲೆಗೆ ಫಟ್ಟನೆ ಹೊಡೆದಳು. ಅಣಕಿಸಿದ್ದಕ್ಕೆ ಹಳೆಯ ಕೋಪವೇ ಬಂತು ಎಂದುಕೊಂಡೆವು. ಮಾವ ಹತ್ತು ವರ್ಷದ ಹುಡುಗನ ಹಾಗೆ ತಲೆ ತಗ್ಗಿಸಿದ.

ಅಜ್ಜಿ ಎಡಗೈಯ ಎರಡು ಬೆರಳು ಜೋಡಿಸಿ ಮೂಗಿನ ಹತ್ತಿರ ಹಿಡಿದು ತೋರಿಸಿದಳು.

ನಶ್ಯ! ಎರಡನೆಯ ನುಡಿಗೂ ಮೂರನೆಯ ನುಡಿಗೂ ನಡುವೆ ಅಜ್ಜಿ ಯಾವಾಗಲೂ ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದಳು. ಮದುವೆ ಯಾರದೇ ಇರಲಿ, ಬೀಗರು ಯಾರೇ ಇರಲಿ, ಡಬ್ಬಿ ತೆಗೆದು, ತಟ್ಟಿ, ಏರಿಸಿ, ಒಂದು ಸೀನು ಸೀನಿಯೇ ಮುಂದಿನ ನುಡಿ. ಬೀಗರ ಮುಂದೆ ತಾಯಿಯ ಮರ್ಯಾದೆ ಉಳಿಯಲಿ ಎಂದು ಮಾವ ಅದೊಂದನ್ನು ಬಿಟ್ಟಿದ್ದ. ಅವಳು ಬಿಡಲಿಲ್ಲ. ಮಾಡುವುದಾದರೆ ಪೂರ್ತಿ ಮಾಡು ಎನ್ನುವ ಹಾಗೆ ಬೆರಳನ್ನು ಮತ್ತೆ ಎತ್ತಿದಳು.

ಮಾವ ಇಲ್ಲದ ಡಬ್ಬಿ ತೆಗೆದ, ತಟ್ಟಿದ, ಏರಿಸಿದ, ಇಡೀ ಚಪ್ಪರಕ್ಕೆ ಕೇಳುವ ಹಾಗೆ ಸೀನಿದ. ಅಜ್ಜಿಯ ಬಾಯಿಯ ನೆಟ್ಟಗಿದ್ದ ಅರ್ಧ ಭಾಗ ಅರಳಿ ನಕ್ಕಿತು. ಅವನು ಮೂರನೆಯ ನುಡಿ ಎತ್ತಿದ. ಆದರೆ ಈಗ ಅದು ಅಜ್ಜಿಯ ದನಿಯಲ್ಲಿ ಬರಲಿಲ್ಲ, ವಿದ್ವಾಂಸರ ದನಿಯಲ್ಲೂ ಬರಲಿಲ್ಲ. ಅಳುತ್ತಿದ್ದನಲ್ಲ, ಶ್ರುತಿಯಿಲ್ಲದ ತನ್ನದೇ ದನಿಯಲ್ಲಿ ಬಂತು. ಶಾಲೆಯ ಮೇಷ್ಟ್ರು ಗಂಟೆ ಹೊಡೆಯಲು ಕಳಿಸುತ್ತಿದ್ದದ್ದು ಏಕೆಂದು ನಮಗೆಲ್ಲ ಅವತ್ತು ತಿಳಿಯಿತು. ಅಜ್ಜಿ ಅದಕ್ಕೆ ಹೊಡೆಯಲಿಲ್ಲ. ಹಾಡು ಮುಗಿದು ಶಾರದ ಹೊಸಿಲು ದಾಟುವವರೆಗೂ ಅವನ ತಲೆಯ ಮೇಲೆ ಕೈ ಇಟ್ಟುಕೊಂಡೇ ತಾಳ ಹಾಕುತ್ತಿದ್ದಳು.