ಮೂರು ರಜೆಯ ಲ್ಯಾಪ್‌ಟಾಪು

ಬರೆಯುವುದಕ್ಕಿಂತ ಬರೆಯುತ್ತೇನೆ ಎಂದುಕೊಳ್ಳುವುದರಲ್ಲೇ ಹೆಚ್ಚು ಸುಖವಿದೆ. ಇದು ಗೊತ್ತಿದ್ದೂ, ಹೈಸ್ಕೂಲಿನ ಕನ್ನಡ ಮಾಸ್ತರನಾದ ನಾನು ಲ್ಯಾಪ್‌ಟಾಪಿಗೆ ಆಸೆಪಟ್ಟೆ. ನರಿಕೊಂಬಿನ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಕೂತರೆ ಹೊಳೆ ಕಾಣುತ್ತದೆ. ತೊಡೆಯ ಮೇಲೆ ಲ್ಯಾಪ್‌ಟಾಪು, ಎದುರು ನೇತ್ರಾವತಿ, ಪಕ್ಕದಲ್ಲಿ ಚಹಾ. ಕಾದಂಬರಿ ತಾನಾಗಿ ಇಳಿದು ಬರುತ್ತದೆ ಎಂದು ಅದೆಷ್ಟು ಸಂಜೆ ಕನಸು ಕಂಡೆನೋ. ಆ ಕನಸಿನಲ್ಲಿ ಕಾದಂಬರಿ ಮುಗಿದು, ಬಿಡುಗಡೆಯ ದಿನ ಹಾಕಿಕೊಳ್ಳುವ ಅಂಗಿಯ ಬಣ್ಣವೂ ನಿಶ್ಚಯವಾಗಿತ್ತು. "ಅಷ್ಟರವರೆಗೆ ಕಾಗದದಲ್ಲಿ ಬರೆಯಬಾರದಾ?" ಎಂದು ಹೆಂಡತಿ ಕೇಳಿದಳು. ಕಾಗದದಲ್ಲಿ ಬರೆದರೆ ಹರಿವು ಕೆಡುತ್ತದೆ ಎಂದೆ.

ಆಗೆಲ್ಲ ನಮ್ಮ ಕಡೆ ಒಳ್ಳೆಯ ಸಾಮಾನು ಅಗ್ಗದಲ್ಲಿ ಬೇಕಾದರೆ ಗಲ್ಫಿನಿಂದ ರಜೆಗೆ ಬರುವವರಿಗೆ ಹೇಳಿಬಿಡುವುದು ವಾಡಿಕೆ. ನೆರೆಮನೆಯ ಹಸನಬ್ಬರು ದುಬಾಯಿಯಲ್ಲಿ ಅಂಗಡಿ ಕೆಲಸದಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರು. "ತರ್ತೇನೆ ಮಾಸ್ಟ್ರೆ, ಅದಕ್ಕೇನು. ಆದ್ರೆ ಯಾವುದು ಅಂತ ನೀವೇ ಹೇಳಬೇಕು" ಎಂದರು. ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಬೆಳ್ತಂಗಡಿಯ ಷಡ್ಡಕ ತೂಕ ಕಡಿಮೆ ಇರಬೇಕು ಎಂದ. ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ, "ಆರು ತಿಂಗಳು ಕಾದರೆ ಇದೇ ದುಡ್ಡಿಗೆ ಇನ್ನೂ ಒಳ್ಳೆಯದು ಸಿಗ್ತದೆ ಸರ್" ಎಂದರು. ಈ ಮಾತು ನನಗೆ ಬಹಳ ಹಿಡಿಸಿತು. ಹೀಗೆ ಕಾಯುತ್ತಾ ಹಸನಬ್ಬರ ಎರಡು ರಜೆ ಕಳೆದವು. ಮೂರನೆಯ ಸಲ ಅವರು ನನ್ನನ್ನು ಕೇಳದೆ ತಂದೇಬಿಟ್ಟರು.

ಡಬ್ಬವಿಲ್ಲ, ಪ್ಲಾಸ್ಟಿಕ್ಕಿಲ್ಲ. "ಹೊಸತು ಅಂತ ಕಂಡ್ರೆ ಏರ್‌ಪೋರ್ಟಿನಲ್ಲಿ ಸುಂಕ ಹಾಕ್ತಾರೆ. ಅದಕ್ಕೇ ಒಂದು ತಿಂಗಳು ನಾನೇ ಏನೇನೋ ಕುಟ್ಟಿ ಹಳತು ಮಾಡಿದ್ದು. ಒಳಗೆ ಸ್ವಲ್ಪ ಕಸ ಉಂಟು ಮಾಸ್ಟ್ರೆ, ಅಳಿಸಿಬಿಡಿ" ಎಂದರು.

ಸಂಜೆ ಜಗಲಿಯಲ್ಲಿ ಕೂತು ಕಸ ತೆರೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಕನ್ನಡ, ಹನ್ನೊಂದು ಪುಟ. ಅವರ ತಾಯಿ ಹೊಳೆಬದಿಯಲ್ಲಿ ಅಕ್ಕಿ ತೊಳೆಯುವಾಗ ಬೆರಳಸಂದಿಗೆ ಸಣ್ಣ ಮೀನುಗಳು ಬರುತ್ತಿದ್ದವಂತೆ. 'ಇಲ್ಲಿ ರೂಮಿನಲ್ಲಿ ಅಕ್ಕಿ ತೊಳೆಯುವಾಗ ಈಗಲೂ ಸ್ವಲ್ಪ ಹೊತ್ತು ಕೈ ಹಾಗೇ ಇಟ್ಟುಕೊಳ್ಳುತ್ತೇನೆ' ಎಂದಿತ್ತು. ಮುಂದೆ ನಮ್ಮ ಜಗಲಿಯೂ ಇತ್ತು; ದಿನಾ ಹೊಳೆ ನೋಡುವ ಮಾಸ್ತರೊಬ್ಬರು, ಪುಣ್ಯವಂತರು. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ ಎನ್ನುತ್ತಾರೆ. ಹಸನಬ್ಬರು ಸುಂಕದವರಿಗೆಂದೇ ಎಷ್ಟು ಚೆನ್ನಾಗಿ ಹೇಳಿಕೊಂಡಿದ್ದರು! ನನಗೆ ಕಣ್ಣು ತುಂಬಿತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಅಳಿಸಲು ಮನಸ್ಸು ಬರಲಿಲ್ಲ. ಅದರ ಪಕ್ಕದಲ್ಲಿ ನನ್ನದೊಂದು ಸಾಲು ಬರೆಯಲು ಧೈರ್ಯವೂ ಬರಲಿಲ್ಲ. ತಿಂಗಳಿಡೀ ಖಾಲಿ ಪುಟ ತೆರೆದು ಹೊಳೆ ನೋಡಿದೆ.

ಹೊರಡುವ ಹಿಂದಿನ ದಿನ ಹಸನಬ್ಬರು ಹೇಳಿಹೋಗಲು ಬಂದರು. "ನಿಮ್ಮ ಕಾದಂಬರಿ ಎಷ್ಟಾಯ್ತು ಮಾಸ್ಟ್ರೆ?"

"ಹನ್ನೊಂದು ಪುಟ" ಎಂದು ಬಾಯಿಗೆ ಬಂದುಬಿಟ್ಟಿತು.

"ಹಾಗಾದ್ರೆ ಮೆಶಿನ್ ಒಳ್ಳೇದೇ" ಎಂದು ಅವರು ಖುಷಿಪಟ್ಟು, ಚಪ್ಪಲಿ ಬಿಟ್ಟು ಮೇಲೆ ಬಂದು ನನ್ನ ಪಕ್ಕದಲ್ಲೇ ಕೂತರು. "ಸ್ವಲ್ಪ ಓದಿ ಹೇಳಿ. ನನಗೂ ಬರೆಯುವ ಆಸೆ ಉಂಟು. ಬರೆಯುವುದು ಹೇಗೆ ಅಂತ ನಿಮ್ಮಿಂದ ಕಲಿಯುವ."

ಬ್ಯಾಟರಿ ಮುಗಿದಿದೆ ಎಂದೆ. ಇಷ್ಟು ವರ್ಷಗಳಲ್ಲಿ ನಾನು ಕಟ್ಟಿದ ಕಥೆ ಅದೊಂದೇ.