ನಾನೊಂದು ಬಾವಿ ತೋಡಿದ ಕತೆ

ಸಮಸ್ಯೆ ಎಂದರೇನು ಎಂದು ಯಾರಾದರೂ ಕೇಳಿದರೆ ಈಗ ನಾನು ತಡವರಿಸುವುದಿಲ್ಲ. ಫಾರಂನಲ್ಲಿ ಯಾವುದಕ್ಕೆ ಕಾಲಮ್ ಇದೆಯೋ ಅದು ಸಮಸ್ಯೆ, ಉಳಿದದ್ದು ಅವರವರ ಹಣೆಬರಹ. ಮೂವತ್ತು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿದ ನನಗೆ ಈ ಜ್ಞಾನ ಬಂದದ್ದು ಕುಡಿಯುವ ನೀರಿನ ಸರ್ವೆಗೆ ಹೋದ ಮೇಲೆ. ಸರ್ವೆ ಎಂದರೆ ಮೇಷ್ಟ್ರುಗಳೇ ಆಗಬೇಕು. ದನ ಎಣಿಸಲೂ ನಾವೇ, ಮತದಾರರನ್ನು ಎಣಿಸಲೂ ನಾವೇ.

ಬೀಡಿ ಕಟ್ಟಿ ಬದುಕುವ ಲೀಲಕ್ಕನ ಮನೆ ಬೆಳ್ಳೂರಿನ ಒಂದು ಗುಡ್ಡದ ಬುಡದಲ್ಲಿ. ನೀರಿಗೆ ಇದ್ದದ್ದು ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಸುರಂಗ, ಅವರ ಗಂಡ ಬದುಕಿದ್ದಾಗ ತೋಡಿದ್ದು. ಫೆಬ್ರವರಿಯಲ್ಲಿ ಅದರ ಒಸರು ನಿಲ್ಲುತ್ತಿತ್ತು. ಆಮೇಲೆ ಮಗಳು ದೂರದಿಂದ ಕೊಡ ಹೊರಬೇಕು. ನನ್ನ ಕ್ಲಾಸಿನ ಹುಡುಗಿ, ಬೇಸಗೆಯಲ್ಲಿ ಮೊದಲ ಪೀರಿಯಡ್ಡಿಗೆ ಬಂದದ್ದೇ ಇಲ್ಲ. ಫಾರಂನಲ್ಲಿ ಬಾವಿ, ಕೊಳವೆಬಾವಿ, ನಳ್ಳಿ ಇದ್ದವು. ಸುರಂಗ ಇರಲಿಲ್ಲ. ‘ಇತರೆ’ ಎಂಬುದೊಂದಿತ್ತು ನಿಜ. ಆದರೆ ತರಬೇತಿ ಕೊಟ್ಟವರು, “ಇತರೆ ತುಂಬಿಸ್ಬೇಡಿ ಮಾಷ್ಟ್ರೇ, ಮತ್ತೆ ಮೇಲಿನವರಿಗೆ ವಿವರಣೆ ಕೊಟ್ಟು ಸಾಕಾಗ್ತದೆ” ಎಂದಿದ್ದರು. ನಾನೋ, ಹೇಳಿದ ಮಾತು ಕೇಳುವ ಜಾತಿ. ಸುರಂಗದ್ದೂ ಮಣ್ಣಿನೊಳಗಿನ ನೀರೇ ತಾನೆ ಎಂದು ಬಾವಿಗೆ ಟಿಕ್ ಹಾಕಿ ಸಹಿ ಮಾಡಿದೆ.

ಆರು ತಿಂಗಳಲ್ಲಿ ಪೈಪು ಬಂತು. ಲೀಲಕ್ಕನ ಬೇಲಿಯವರೆಗೆ ಬಂದು, ಬೇಲಿಯ ಪಕ್ಕದಲ್ಲೇ ಮುಂದೆ ಹೋಯಿತು. ಬಾವಿ ಇರುವವರಿಗೆ ನಳ್ಳಿ ಇಲ್ಲವಂತೆ. ನಾನು ಎರಡು ಬಸ್ಸು ಹಿಡಿದು ವಿದ್ಯಾನಗರದ ನೀರಿನ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಅದೇ ಕಷ್ಟ. “ಬಾವಿ ಉಂಟು ಅಂತ ನಿಮ್ಮದೇ ಸಹಿ ಉಂಟಲ್ಲ ಮಾಷ್ಟ್ರೇ, ಇನ್ನು ಎಂತ ಮಾಡುದು? ಬತ್ತಿದ್ರೆ ರಿಪೇರಿಗೆ ಅರ್ಜಿ ಕೊಡಿ” ಎಂದು ಅರ್ಜಿಯನ್ನೂ ತಾವೇ ಬರೆದುಕೊಟ್ಟರು. ರಿಪೇರಿಗೆಂದು ಬಂದ ಓವರ್‌ಸಿಯರ್ ಇಡೀ ಜಾಗ ಸುತ್ತಿ, ಬಾವಿ ಎಲ್ಲೂ ಕಾಣದೆ, ಸುಳ್ಳು ಅರ್ಜಿ ಎಂದು ಬರೆದು ಹೋದರು. ಹೀಗೆ ಲೀಲಕ್ಕನಿಗೆ ನಳ್ಳಿ ಕೊಡದಿರಲು ಬಾವಿ ಇದೆ, ರಿಪೇರಿ ಮಾಡಲು ಬಾವಿ ಇಲ್ಲ. ಮುಂದಿನ ಜೂನ್‌ನಲ್ಲಿ ಶಾಲೆ ತೆರೆದಾಗ ಹುಡುಗಿ ಯಾವ ಪೀರಿಯಡ್ಡಿಗೂ ಬರಲಿಲ್ಲ.

ತಪ್ಪು ನನ್ನದೇ ಎಂದು ಹೇಳಿಬಿಡಲು ಅವರ ಮನೆಗೆ ಹೋದೆ. ಜಗಲಿಯಲ್ಲಿ ತಾಯಿ ಮಗಳು ಇಬ್ಬರೂ ಬೀಡಿ ಕಟ್ಟುತ್ತಿದ್ದರು. ಬೇಡವೆಂದರೂ ಲೀಲಕ್ಕ ಬೆಲ್ಲ, ನೀರು ತಂದಿಟ್ಟರು.

“ನೀವು ಬರೆದದ್ದಲ್ವಾ ಮಾಷ್ಟ್ರೇ, ಸರಿಯಾಗಿಯೇ ಬರೆದಿರ್ತೀರಿ. ಆಫೀಸಿನವರೇ ಎಂತದೋ ತಪ್ಪು ಮಾಡಿದ್ದು” ಎಂದರು.

ನಾನು ಚೊಂಬು ಖಾಲಿ ಮಾಡಿ ಕೆಳಗಿಟ್ಟು, “ಹೌದು ಲೀಲಕ್ಕ, ಆಫೀಸಿನವರು ಹಾಗೆಯೇ” ಎಂದೆ.