ಹಗ್ಗ ಕೇಳಿದ್ದಕ್ಕೆ ಕಥೆ ಕೊಟ್ಟ ಗುರುಗಳಿಗೆ

ಪ್ರೆಸೆಂಟೇಷನ್ನುಗಳಿಗೆ ಕಥೆ ಹೊಸೆಯುವುದನ್ನು ಕಲಿಸುವ ಮಾನ್ಯ ತರಬೇತುದಾರರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನೆಲಮಹಡಿಯಲ್ಲಿದ್ದರೆ ಖಂಡಿತ ಕ್ಷೇಮವಾಗಿಯೇ ಇರುತ್ತೀರಿ. ನಾನು ಐದು ಮಹಡಿಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಲಿಫ್ಟ್ ನಡೆಸುವವನು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನಾದ್ದರಿಂದ ತಪ್ಪಿದ್ದರೆ ತಿದ್ದಿಕೊಳ್ಳಿ, ಪುರುಸೊತ್ತಿಲ್ಲದಿದ್ದರೆ ಬಿಡಿ.

ನಮ್ಮ ಮ್ಯಾನೇಜರು ಮೊದಲು ಸರಿಯಾಗಿಯೇ ಇದ್ದರು. ಲಿಫ್ಟಿನ ಉಕ್ಕಿನ ಹಗ್ಗ ಸವೆದು ಎಳೆ ಎಳೆಯಾಗಿ ಬಿಡುತ್ತಿದೆ, ಬದಲಿಸಬೇಕು ಎಂದು ನಾನು ಹೇಳಿದ್ದನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡಿದ್ದರು. ಮಾಲೀಕರ ಮುಂದೆ ಓದಿದ್ದರೆ ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ತಮ್ಮ ತರಬೇತಿಗೆ ಹೋಗಿಬಂದರು. ಅಂಕಿಅಂಶ ಯಾರ ಮನಸ್ಸನ್ನೂ ತಟ್ಟುವುದಿಲ್ಲ, ಕಥೆ ಹೇಳಬೇಕು, ಕಥೆಗೊಬ್ಬ ನಾಯಕ ಬೇಕು ಎಂದು ತಾವು ಅಪ್ಪಣೆ ಕೊಡಿಸಿದ್ದೀರಂತೆ.

ಅದರ ಫಲ ಹೇಳುತ್ತೇನೆ, ಕೇಳಿ ಸಂತೋಷಪಡಿ. ಲಿಫ್ಟಿಗೆ 'ಅಜ್ಜಿ' ಎಂದು ಹೆಸರಾಯಿತು. ಅಜ್ಜಿ ಹೇಗೆ ಎರಡು ತಲೆಮಾರಿನ ಟೈಲರುಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಮೇಲೇರಿಸಿದಳು ಎಂದು ಮ್ಯಾನೇಜರು ಮಾಲೀಕರ ಮುಂದೆ ದನಿ ನಡುಗಿಸಿ ಹೇಳಿದರು. ನನಗೆ ಇಸ್ತ್ರಿ ಅಂಗಿ ತೊಡಿಸಿ ಪರದೆಯ ಪಕ್ಕ ನಿಲ್ಲಿಸಿದ್ದರು. ಅಜ್ಜಿಯ ನೆಚ್ಚಿನ ಮೊಮ್ಮಗ ನಾನಂತೆ, ಅರವತ್ತೆರಡರ ಮೊಮ್ಮಗ. ಹಗ್ಗದಿಂದ ಉದುರಿದ ತಂತಿ ಚೂರುಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿ ಒಯ್ದಿದ್ದೆ. ತೆರೆಯಹೋದರೆ, "ಯಜಮಾನ್ರೇ, ಅದನ್ನ ಜೇಬಲ್ಲಿಟ್ಕೊಳ್ಳಿ, ಕಥೆ ಕೆಟ್ಟುಹೋಗುತ್ತೆ" ಎಂದು ಕಿವಿಯಲ್ಲಿ ಪಿಸುಗುಟ್ಟಿದರು.

ಕಥೆ ಕೆಡಲಿಲ್ಲ. ದೊಡ್ಡ ಮಾಲೀಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಂಥಾ ಅಜ್ಜಿ ಮೈಮೇಲೆ ಯಾರೂ ಕೈ ಹಾಕ್ಬೇಡಿ, ಹೇಗಿದ್ದಾಳೋ ಹಾಗೇ ಇರ್ಲಿ" ಎಂದರು. ಹಗ್ಗದ ಹಾಳೆ ಫೈಲಿನಿಂದ ಹೊರಗೇ ಬರಲಿಲ್ಲ. ಲಿಫ್ಟಿಗೆ ಹೊಸ ಬಣ್ಣ, ಒಳಗೊಂದು ಹಿತ್ತಾಳೆ ಫಲಕ ಮಂಜೂರಾಯಿತು. ಫಲಕ ಆರು ಕಿಲೋ ತೂಗುತ್ತದೆ. ಅದನ್ನೂ ಆ ಹಗ್ಗವೇ ಹೊರಬೇಕು.

ಇಂಥ ವಿದ್ಯೆಯನ್ನು ಎಷ್ಟು ಹೊಗಳಿದರೂ ಕಡಿಮೆ. ದಯವಿಟ್ಟು ಹಗ್ಗಕ್ಕೂ ಒಂದು ಕಥೆ ಹೇಳಿ, ಮನಸ್ಸು ಕರಗಿ ತಂತಿಗಳು ಮತ್ತೆ ಹೆಣೆದುಕೊಳ್ಳಲಿ. ನನ್ನ ಸೊಸೆ ನಾಲ್ಕನೇ ಮಹಡಿಯಲ್ಲಿ ಗುಂಡಿ ಹೊಲಿಯುತ್ತಾಳೆ. ದಿನಾ ಹತ್ತು ಹೆಂಗಸರ ಜೊತೆ ಆ ಅಜ್ಜಿಯ ಮಡಿಲಲ್ಲೇ ಹೋಗಿಬರುತ್ತಾಳೆ. ನನ್ನ ಸ್ವಂತ ಅಜ್ಜಿ ತೀರಿಕೊಂಡು ಐವತ್ತು ವರ್ಷವಾಯಿತು. ಮಂಡಿ ಹೋದ ಮೇಲೆ ಅವಳ ಕೈಗೆ ಒಂದು ಕೂಸನ್ನೂ ಯಾರೂ ಕೊಟ್ಟಿರಲಿಲ್ಲ. ಅಷ್ಟು ಬುದ್ಧಿ ನಮ್ಮ ಓದದ ಮನೆಯಲ್ಲೇ ಇತ್ತು.

ಹೀಗಾಗಿ ಇವತ್ತು ಬೆಳಿಗ್ಗೆ ಲಿಫ್ಟಿಗೆ ಬೀಗ ಜಡಿದಿದ್ದೇನೆ. ಈ ಪತ್ರದ ಇಲ್ಲಿಯವರೆಗಿನ ಭಾಗದ ಒಂದು ಪ್ರತಿಯನ್ನು ಅದರ ಬಾಗಿಲಿಗೇ ಅಂಟಿಸಿದ್ದೇನೆ. ಕೆಲಸದಿಂದ ತೆಗೆಯುವುದಾದರೆ ತೆಗೆಯಲಿ, ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ. ಮಾಲೀಕರ ಕೋಣೆ ಐದನೇ ಮಹಡಿ, ನೂರಾ ಹತ್ತು ಮೆಟ್ಟಿಲು. ಅಂಕಿಅಂಶ ಮನಸ್ಸನ್ನು ತಟ್ಟುವುದಿಲ್ಲ ಎಂದಿರಲ್ಲ, ಈ ಅಂಕಿ ನೇರ ಮಂಡಿಗೇ ತಟ್ಟಿದೆ. ಎರಡನೇ ಸಲ ಹತ್ತುವಾಗ ದೊಡ್ಡ ಮಾಲೀಕರು ಮೂರನೇ ಮಹಡಿಯಲ್ಲಿ ಕೂತುಬಿಟ್ಟು, "ಆ ಹಗ್ಗಕ್ಕೆ ಏನಾಗಿದೆ ಅಂತ ಯಾರೂ ಯಾಕ್ರೀ ಹೇಳ್ಲಿಲ್ಲ?" ಎಂದು ಮ್ಯಾನೇಜರನ್ನು ಕೇಳಿದರಂತೆ. ಮ್ಯಾನೇಜರು ಆ ಒಂದು ಹಾಳೆಯನ್ನು ಈಗ ಹುಡುಕುತ್ತಿದ್ದಾರೆ.

ಹೊಸ ಹಗ್ಗ ಬರುವವರೆಗೂ ತಮ್ಮ ವಿಶ್ವಾಸಿ,
ಅಜ್ಜಿಯ ಮೊಮ್ಮಗ

ತಾ.ಕ.: ಬೆಂಕಿಪೊಟ್ಟಣವನ್ನು ಜೊತೆಗಿಟ್ಟಿದ್ದೇನೆ. ಮುಂದಿನ ತರಬೇತಿಯನ್ನು ತಾವು ನಮ್ಮ ಐದನೇ ಮಹಡಿಯಲ್ಲೇ ನಡೆಸುತ್ತೀರೆಂದು ಕೇಳಿದೆ. ತಮಗೊಬ್ಬರಿಗೆ ಮಾತ್ರ ಬೀಗ ತೆಗೆಯುತ್ತೇನೆ. ಮೇಲೆ ಹೋಗುವಾಗ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಕಥೆ ತಾನಾಗಿಯೇ ಹೊಳೆದೀತು.